ರೋಗಿಯನ್ನು ಕಾಣಲು ಹೋಗುವಾಗ

ಹುಬ್ಬಳ್ಳಿಯ ವಿದ್ಯಾನಗರದಲ್ಲಿ, ಧಾರವಾಡಕ್ಕೆ ಹೋಗುವ ರಸ್ತೆಯ ಮಗ್ಗುಲಿಗೆ, ವಿಶಾಲವಾದ ಆವರಣದಲ್ಲಿ ಒಂದು ದೊಡ್ಡ ಸರಕಾರಿ ಆಸ್ಪತ್ರೆಯಿದೆ. 1957ರಲ್ಲಿ ಕರ್ನಾಟಕ ವೈದ್ಯಕೀಯ ಕಾಲೇಜು ಎಂಬ ಹೆಸರಿನಿಂದ ಆರಂಭವಾದ ಸಂಸ್ಥೆಗೆ ಸೇರಿದ ಆಸ್ಪತ್ರೆ ಅದು. ಸಂಸ್ಥೆಯ ಹೆಸರು ಕಾಲಕ್ಕೆ ತಕ್ಕಂತೆ ಬದಲಾಗಿದ್ದರೂ ಜನರ ಬಾಯಲ್ಲಿ ಅದು ಇಂದಿಗೂ 'ಕಿಮ್ಸ್' ಎಂದೇ ಉಳಿದಿದೆ. ನವಲಗುಂದ, ಕಲಘಟಗಿ, ಕುಂದಗೋಳಗಳಿಂದ ಮಾತ್ರವಲ್ಲ, ಗದಗ, ಹಾವೇರಿ, ಕೊಪ್ಪಳ, ಬಾಗಲಕೋಟೆ, ಉತ್ತರ ಕನ್ನಡ ಜಿಲ್ಲೆಗಳಿಂದಲೂ ರೋಗಿಗಳು ಅಲ್ಲಿಗೆ ಬರುತ್ತಾರೆ. ರೋಗಿಯೊಬ್ಬ ಬಂದನೆಂದರೆ ಅವನ ಹಿಂದೆ ಒಂದು ಸಂಸಾರವೇ ಬರುತ್ತದೆ. ಅವನು ಅಲ್ಲಿ ಉಳಿದನೆಂದರೆ ದಿನಬೆಳಗಾದರೆ ಬಂಧುಗಳು, ನೆರೆಯವರು, ಊರ ಹಿರಿಯರು ಬುತ್ತಿಯ ಗಂಟನ್ನು ಹೊತ್ತು ಬರತೊಡಗುತ್ತಾರೆ.

ಇಂಥ ಯಾವುದೇ ದೊಡ್ಡ ಆಸ್ಪತ್ರೆಯ ಬಾಗಿಲಲ್ಲಿ ಸಂಜೆಯ ಹೊತ್ತು ನಿಂತರೆ ಒಂದು ನೋಟ ಕಣ್ಣಿಗೆ ಬೀಳುತ್ತದೆ. ಹಳ್ಳಿಯಿಂದ ಬಂದ ಮುದುಕನೊಬ್ಬ, ಅವನ ಹೆಂಡತಿ, ಇಬ್ಬರು ಸೊಸೆಯರು, ಮೂಗು ಸೋರುತ್ತಿರುವ ಐದು ವರ್ಷದ ಮೊಮ್ಮಗ - ಎಲ್ಲರೂ ಬಾಗಿಲ ಬಳಿ ನಿಂತಿದ್ದಾರೆಂದು ಭಾವಿಸೋಣ. ಒಳಗೆ ಮುದುಕನ ಮಗಳಿಗೆ ಹೆರಿಗೆಯಾಗಿದೆ. ದಿನ ತುಂಬುವ ಮೊದಲೇ ಹುಟ್ಟಿದ ಕೂಸು ತೂಕದಲ್ಲಿ ಕಡಿಮೆಯಿದ್ದು, ಅದನ್ನು ನವಜಾತ ಶಿಶುಗಳ ಕೋಣೆಯಲ್ಲಿ ಇರಿಸಲಾಗಿದೆ. ಬಾಗಿಲು ಕಾಯುವವನು ಅವರನ್ನು ತಡೆಯುತ್ತಾನೆ.

"ಅಜ್ಜಾರ, ಒಬ್ಬರು ಹೋಗಿ ಮಗಳ್ನ ಮಾತಾಡಿಸಿ ಬರ್ರಿ. ಉಳಿದವರು ಇಲ್ಲೇ ಕೂಡ್ರಿ. ಹುಡುಗನ್ನ ಮಾತ್ರ ಒಳಗ ಬಿಡಂಗಿಲ್ರಿ."

"ಹಂಗಂದ್ರ ಹೆಂಗಪಾ ತಮ್ಮಾ? ನಸುಕಿನ್ಯಾಗ ಎದ್ದು ಬಂದೇವಿ. ಕೂಸಿನ ಮಾರಿ ನೋಡದ ಹೋಗೂಣೇನು?"

ಮುದುಕನ ಮಾತಿನಲ್ಲಿ ಸುಳ್ಳಿಲ್ಲ. ಕಾಯುವವನ ಮಾತಿನಲ್ಲಿ ಕ್ರೌರ್ಯವೂ ಇಲ್ಲ. ಒಬ್ಬನು ಮಮತೆಯ ಪರವಾಗಿ ಮಾತನಾಡುತ್ತಿದ್ದಾನೆ, ಇನ್ನೊಬ್ಬನು ಒಳಗಿರುವ ಕೂಸಿನ ಜೀವದ ಪರವಾಗಿ ಮಾತನಾಡುತ್ತಿದ್ದಾನೆ. ಆದರೂ ಇಬ್ಬರಿಗೂ ಪರಸ್ಪರರ ಮಾತು ತಿಳಿಯುವುದಿಲ್ಲ. ಏಕೆಂದರೆ ಆಸ್ಪತ್ರೆಯ ನಿಯಮಗಳು ಗೋಡೆಯ ಮೇಲಿನ ಫಲಕದಲ್ಲಿರುತ್ತವೆ. ಅವುಗಳ ಕಾರಣಗಳು ಮಾತ್ರ ಅಲ್ಲಿ ಬರೆದಿರುವುದಿಲ್ಲ. ಕಾರಣ ತಿಳಿಯದ ನಿಯಮವು ಅಧಿಕಾರದ ದರ್ಪದಂತೆ ತೋರುತ್ತದೆ. ಕಾರಣ ತಿಳಿದ ನಿಯಮವಾದರೋ ಹಿರಿಯರ ಬುದ್ಧಿಮಾತಿನಂತೆ ಮನಸ್ಸಿಗೆ ಒಪ್ಪುತ್ತದೆ. ಆ ಕಾರಣಗಳಾವುವು?

ಆಸ್ಪತ್ರೆಯು ಮನೆಯಂಥ ಸ್ಥಳವಲ್ಲ, ಸಂತೆಯಂಥ ಸ್ಥಳವೂ ಅಲ್ಲ. ಬಗೆಬಗೆಯ ರೋಗಾಣುಗಳನ್ನು ದೇಹದಲ್ಲಿ ಹೊತ್ತವರು ಅಲ್ಲಿ ಒಂದೇ ಮಾಡಿನಡಿ ಸೇರಿರುತ್ತಾರೆ. ಅವರ ಪಕ್ಕದಲ್ಲಿಯೇ, ರೋಗಾಣುಗಳನ್ನು ಎದುರಿಸುವ ಶಕ್ತಿಯನ್ನು ಕಳೆದುಕೊಂಡವರೂ ಮಲಗಿರುತ್ತಾರೆ. ಸುಟ್ಟ ಗಾಯದವನಿಗೆ ಚರ್ಮವೆಂಬ ಕೋಟೆಯೇ ಒಡೆದಿರುತ್ತದೆ. ಶಸ್ತ್ರಕ್ರಿಯೆಯಾದವನ ಹೊಲಿಗೆ ಇನ್ನೂ ಕೂಡಿರುವುದಿಲ್ಲ. ಅರ್ಬುದ ರೋಗಕ್ಕೆ ಔಷಧ ಪಡೆಯುತ್ತಿರುವವನ ರಕ್ತದಲ್ಲಿ ರೋಗದೊಡನೆ ಹೋರಾಡುವ ಬಿಳಿಯ ಕಣಗಳು ಕುಗ್ಗಿರುತ್ತವೆ. ದಿನ ತುಂಬದೆ ಹುಟ್ಟಿದ ಕೂಸಿಗೆ ಆ ಶಕ್ತಿ ಇನ್ನೂ ಬಂದಿರುವುದೇ ಇಲ್ಲ. ಆರೋಗ್ಯವಂತನಿಗೆ ಎರಡು ದಿನದ ನೆಗಡಿಯಾಗಿ ಹೋಗುವ ಸೋಂಕು ಇಂಥವರಿಗೆ ಪ್ರಾಣಾಂತಿಕವಾಗಬಲ್ಲದು. ಹೀಗೆ ರೋಗವನ್ನು ಹರಡಬಲ್ಲವರೂ ರೋಗಕ್ಕೆ ಬೇಗ ತುತ್ತಾಗುವವರೂ ಕೆಲವೇ ಮೊಳಗಳ ಅಂತರದಲ್ಲಿ ಇರುವ ಸ್ಥಳ ಆಸ್ಪತ್ರೆ. ಇವರಿಬ್ಬರ ನಡುವೆ ತಿಳಿಯದೆಯೇ ಸೇತುವೆಯಾಗಬಲ್ಲವನು ಹಾಸಿಗೆಯಿಂದ ಹಾಸಿಗೆಗೆ ನಡೆದಾಡುವ ಸಂದರ್ಶಕ.

ರೋಗಾಣುಗಳಿಗೆ ಕಾಲಿಲ್ಲ, ರೆಕ್ಕೆಯಿಲ್ಲ. ಅವು ಮುಖ್ಯವಾಗಿ ಮೂರು ದಾರಿಗಳಲ್ಲಿ ಸಂಚರಿಸುತ್ತವೆ. ಮೊದಲನೆಯದು ಕೈ. ರೋಗಿಯ ಹಾಸಿಗೆ, ಮಂಚದ ಕಂಬಿ, ಬಾಗಿಲ ಹಿಡಿಕೆ, ನೀರಿನ ತಂಬಿಗೆ - ಇವನ್ನು ಮುಟ್ಟಿದ ಕೈ ಅರಿವಿಲ್ಲದೆ ಮೂಗನ್ನೋ ಬಾಯನ್ನೋ ಮತ್ತೊಬ್ಬ ರೋಗಿಯನ್ನೋ ಮುಟ್ಟುತ್ತದೆ. ಎರಡನೆಯದು ಕೆಮ್ಮು, ಸೀನುಗಳಿಂದ ಹೊರಚಿಮ್ಮುವ ತುಂತುರು. ಅದರ ದೊಡ್ಡ ಹನಿಗಳು ಹೆಚ್ಚು ದೂರ ಹೋಗದೆ ಹತ್ತಿರದಲ್ಲಿಯೇ ಬೀಳುತ್ತವೆ. ಮೂರನೆಯದು ಗಾಳಿ. ಕ್ಷಯ, ದಡಾರ, ಸೀತಾಳೆ ಸಿಡುಬುಗಳ ಅತಿಸೂಕ್ಷ್ಮ ಕಣಗಳು ಗಾಳಿಯಲ್ಲಿ ತೇಲಿಕೊಂಡಿರುತ್ತವೆ. ದಡಾರದ ರೋಗಿ ಕೋಣೆಯನ್ನು ಬಿಟ್ಟುಹೋದ ಮೇಲೂ ಸುಮಾರು ಎರಡು ಗಂಟೆಗಳವರೆಗೆ ಆ ಕೋಣೆಯ ಗಾಳಿ ಅಪಾಯಕಾರಿಯಾಗಿರಬಹುದು.

ಕೈಯಿಂದ ಹರಡುವ ಅಪಾಯವನ್ನು ಜಗತ್ತಿಗೆ ಮೊದಲು ತೋರಿಸಿಕೊಟ್ಟವರಲ್ಲಿ ಹಂಗೇರಿಯ ವೈದ್ಯ ಇಗ್ನಾಜ್ ಸೆಮ್ಮೆಲ್‌ವೈಸ್ ಪ್ರಮುಖನು. ಅವನು ಆಸ್ಟ್ರಿಯ ದೇಶದ ವಿಯೆನ್ನಾ ನಗರದ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಿದ್ದನು. ಅಲ್ಲಿ ಹೆರಿಗೆಯ ವಿಭಾಗಗಳು ಎರಡಿದ್ದವು. ಸೂಲಗಿತ್ತಿಯರು ನೋಡಿಕೊಳ್ಳುತ್ತಿದ್ದ ವಿಭಾಗದಲ್ಲಿ ಬಾಣಂತಿಯರ ಸಾವು ಕಡಿಮೆ. ವೈದ್ಯರೂ ವಿದ್ಯಾರ್ಥಿಗಳೂ ನೋಡಿಕೊಳ್ಳುತ್ತಿದ್ದ ವಿಭಾಗದಲ್ಲಿ ಸಾವು ಹೆಚ್ಚು. ವೈದ್ಯರು ಶವಗಳನ್ನು ಕೊಯ್ದು ಪರೀಕ್ಷಿಸಿ, ಅದೇ ಕೈಗಳಿಂದ ಹೆರಿಗೆ ಮಾಡಿಸಲು ಬರುತ್ತಿದ್ದುದೇ ಇದಕ್ಕೆ ಕಾರಣವೆಂದು ಸೆಮ್ಮೆಲ್‌ವೈಸ್ ಕಂಡುಕೊಂಡನು. 1847ರ ಮೇ ತಿಂಗಳಿನಲ್ಲಿ, ಕ್ಲೋರಿನ್ ಬೆರೆತ ಸುಣ್ಣದ ನೀರಿನಲ್ಲಿ ಕೈ ತೊಳೆಯದೆ ಯಾರೂ ಒಳಗೆ ಬರಕೂಡದೆಂದು ಕಟ್ಟುಮಾಡಿದನು. ಏಪ್ರಿಲ್‌ನಲ್ಲಿ ನೂರಕ್ಕೆ 18ರಷ್ಟಿದ್ದ ಸಾವು ಜೂನ್ ವೇಳೆಗೆ ನೂರಕ್ಕೆ ಸುಮಾರು 2ಕ್ಕೆ ಇಳಿಯಿತು. ರೋಗಾಣುಗಳೇ ರೋಗಕ್ಕೆ ಕಾರಣವೆಂಬ ತತ್ವ ಆಗಿನ್ನೂ ಸ್ಥಾಪಿತವಾಗಿರಲಿಲ್ಲ. ಆದುದರಿಂದ ಹಿರಿಯ ವೈದ್ಯರಲ್ಲಿ ಅನೇಕರು ಅವನ ಮಾತನ್ನು ಒಪ್ಪಲಿಲ್ಲ. 1865ರಲ್ಲಿ ಅವನು ಮನ್ನಣೆಯಿಲ್ಲದೆ ತೀರಿಕೊಂಡನು. ರೋಗವನ್ನು ಗುಣಪಡಿಸಲೆಂದು ಬಂದ ಕೈಯೇ ರೋಗವನ್ನು ತರಬಲ್ಲದೆಂಬ ಸತ್ಯವನ್ನು ಒಪ್ಪಿಕೊಳ್ಳುವುದು ವೈದ್ಯರಿಗೇ ಅಷ್ಟು ಕಷ್ಟವಾಗಿದ್ದಿತು. ಪ್ರೀತಿಯಿಂದ ಬಂದ ಕೈಯ ವಿಷಯದಲ್ಲಿ ಬಂಧುಗಳಿಗೂ ಅದು ಕಷ್ಟವಾದರೆ ಆಶ್ಚರ್ಯವಿಲ್ಲ.

ಗಾಳಿಯ ಅಪಾಯಕ್ಕೆ ಜರ್ಮನಿಯ ಮೆಷೆಡೆ ಎಂಬ ಊರಿನಲ್ಲಿ 1970ರಲ್ಲಿ ನಡೆದ ಘಟನೆಯೊಂದು ಸಾಕ್ಷಿಯಾಗಿದೆ. ಅಲ್ಲಿಯ ಆಸ್ಪತ್ರೆಯಲ್ಲಿ ಸಿಡುಬಿನ ರೋಗಿಯೊಬ್ಬನನ್ನು ಪ್ರತ್ಯೇಕ ಕೋಣೆಯಲ್ಲಿ ಇರಿಸಲಾಗಿತ್ತು. ಆದರೂ ಅದೇ ಕಟ್ಟಡದಲ್ಲಿದ್ದ ಹಲವರಿಗೆ, ಮೇಲಿನ ಅಂತಸ್ತುಗಳಲ್ಲಿದ್ದವರಿಗೂ, ರೋಗ ತಗಲಿತು. ಹೀಗೆ ರೋಗ ತಗಲಿಸಿಕೊಂಡವರಲ್ಲಿ ಒಬ್ಬನು, ಆಸ್ಪತ್ರೆಗೆ ಬಂದು ಸುಮಾರು ಹದಿನೈದು ನಿಮಿಷಕ್ಕಿಂತ ಹೆಚ್ಚು ಕಾಲ ಅಲ್ಲಿ ಇರದಿದ್ದ ಸಂದರ್ಶಕ. ಅವನು ದಾರಿ ಕೇಳಲೆಂದು ಆ ರೋಗಿಯಿದ್ದ ವಿಭಾಗದ ಬಾಗಿಲನ್ನು ಕ್ಷಣಕಾಲ ತೆರೆದಿದ್ದನಷ್ಟೆ. ರೋಗಿಯ ಮುಖವನ್ನು ಕೂಡ ನೋಡಿರಲಿಲ್ಲ. ಸಿಡುಬು ಇಂದು ಭೂಮಿಯಿಂದಲೇ ತೊಲಗಿದೆ. ಆದರೆ 'ಒಂದು ಗಳಿಗೆ ಇಣುಕಿ ಬರುತ್ತೇನೆ' ಎನ್ನುವವರಿಗೆ ಆ ಬಾಗಿಲು ಇಂದಿಗೂ ಒಂದು ಪಾಠ.

ನಮ್ಮ ದೇಶದಲ್ಲಿಯೂ ಇಂಥದೊಂದು ದುರಂತ ನಡೆದಿದೆ. 2001ರ ಆರಂಭದಲ್ಲಿ ಪಶ್ಚಿಮ ಬಂಗಾಳದ ಸಿಲಿಗುರಿಯಲ್ಲಿ ವಿಚಿತ್ರವಾದ ಜ್ವರವೊಂದು ಕಾಣಿಸಿಕೊಂಡಿತು. ಅದು ನಿಫಾ ವೈರಾಣುವಿನ ರೋಗವೆಂಬುದು ತರುವಾಯದ ಪರೀಕ್ಷೆಗಳಿಂದ ತಿಳಿದುಬಂದಿತು. 66 ಜನ ಕಾಯಿಲೆ ಬಿದ್ದರು. 45 ಜನ ಸತ್ತರು. ರೋಗವು ಬಹುಮಟ್ಟಿಗೆ ಹರಡಿದುದು ಹೊಲದಲ್ಲಲ್ಲ, ಮನೆಯಲ್ಲಲ್ಲ, ಆಸ್ಪತ್ರೆಗಳ ಒಳಗೆ. ರೋಗ ತಗಲಿದವರಲ್ಲಿ ಶುಶ್ರೂಷೆ ಮಾಡಿದ ಸಿಬ್ಬಂದಿಯೂ, ರೋಗಿಗಳನ್ನು ಕಾಣಲು ಬಂದಿದ್ದ ಸಂದರ್ಶಕರೂ ಇದ್ದರು.

ಹುಬ್ಬಳ್ಳಿ-ಧಾರವಾಡದ ಜನರಿಗೆ ಅಂಟುರೋಗದ ಅನುಭವ ಹೊಸತಲ್ಲ. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು ಬೇಗನೆ ಈ ಸೀಮೆಗೂ ಬಂದಿತು. 1898ರಲ್ಲಿ ಹುಬ್ಬಳ್ಳಿಯಲ್ಲಿ ಅದು ಉಗ್ರರೂಪ ತಾಳಿತು. ಮನೆಯಲ್ಲಿ ಇಲಿ ಬಿದ್ದಿತೆಂದರೆ ಜನ ಮನೆಗೆ ಬೀಗ ಹಾಕಿ, ಊರ ಹೊರಗೆ ಹೊಲಗಳಲ್ಲಿ ಗುಡಿಸಲು ಕಟ್ಟಿಕೊಂಡು ಇರುತ್ತಿದ್ದರು. ವಾಲ್ಡೆಮಾರ್ ಹಾಫ್ಕಿನ್ ಎಂಬ ವಿಜ್ಞಾನಿ 1897ರಲ್ಲಿ ಮುಂಬಯಿಯಲ್ಲಿ ಸಿದ್ಧಪಡಿಸಿದ ಪ್ಲೇಗಿನ ಲಸಿಕೆಯನ್ನು ಮರುವರ್ಷವೇ ಹುಬ್ಬಳ್ಳಿಯಲ್ಲಿ ಹತ್ತಾರು ಸಾವಿರ ಜನರು ಹಾಕಿಸಿಕೊಂಡರು. ಇಲಿಯ ಮೈಮೇಲಿನ ಚಿಗಟವೇ ಪ್ಲೇಗನ್ನು ಹರಡುತ್ತದೆಂಬ ವಿಚಾರ ಆಗತಾನೆ ಬೆಳಕಿಗೆ ಬರುತ್ತಿತ್ತು. ಅದನ್ನು ಎಲ್ಲರೂ ಒಪ್ಪಿಕೊಳ್ಳಲು ಇನ್ನೂ ಕೆಲವು ವರ್ಷಗಳು ಹಿಡಿದವು. ಆದರೂ ಗುಂಪಿನಿಂದ ದೂರ ಸರಿದರೆ ಜೀವ ಉಳಿಯುತ್ತದೆಂಬುದನ್ನು ಜನರು ಅನುಭವದಿಂದಲೇ ಅರಿತಿದ್ದರು. ಬಂಧುಗಳಿಂದ ಕೆಲಕಾಲ ಅಗಲಿರುವುದು ಬಂಧುತ್ವಕ್ಕೆ ಮಾಡುವ ದ್ರೋಹವಲ್ಲವೆಂಬುದು ಆ ಗುಡಿಸಲುಗಳು ಕಲಿಸಿದ ಪಾಠ.

2020ರಲ್ಲಿ ಕೋವಿಡ್ ರೋಗವು ಆ ಪಾಠವನ್ನು ಮತ್ತೊಮ್ಮೆ ಕಲಿಸಿತು. ಆ ವರ್ಷದ ಮಾರ್ಚ್ ತಿಂಗಳಿನಲ್ಲಿಯೇ ಧಾರವಾಡ ಜಿಲ್ಲೆಗೆ ರೋಗ ಬಂದಿತು. 2021ರ ನವೆಂಬರ್‌ನಲ್ಲಿ ಧಾರವಾಡದ ಸತ್ತೂರಿನಲ್ಲಿರುವ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ವೈದ್ಯಕೀಯ ಕಾಲೇಜಿನಲ್ಲಿ ಸಮಾರಂಭವೊಂದು ನಡೆದ ಕೆಲವು ದಿನಗಳ ಮೇಲೆ 66 ಜನರಲ್ಲಿ ಸೋಂಕು ಪತ್ತೆಯಾಯಿತು. ಎಲ್ಲರನ್ನೂ ಪರೀಕ್ಷಿಸುತ್ತ ಹೋದಂತೆ ಎರಡು ದಿನಗಳಲ್ಲಿ ಆ ಸಂಖ್ಯೆ 281ಕ್ಕೆ ಏರಿತು. ಸೋಂಕಿತರಲ್ಲಿ ಹೆಚ್ಚಿನವರು ಲಸಿಕೆಯ ಎರಡು ವರಸೆಗಳನ್ನೂ ಪಡೆದಿದ್ದರು. ಆದುದರಿಂದ ಬಹುಪಾಲು ಜನರಲ್ಲಿ ರೋಗ ಸೌಮ್ಯವಾಗಿತ್ತು. ರೋಗದ ವಿಷಯವನ್ನೇ ಅಭ್ಯಾಸ ಮಾಡುವವರ ನಡುವೆಯೂ ಸೋಂಕು ಸದ್ದಿಲ್ಲದೆ ಹರಡಬಲ್ಲದು. 'ನನಗೇನೂ ಆಗಿಲ್ಲ, ಗಟ್ಟಿಯಾಗಿದ್ದೇನೆ' ಎಂಬ ಮಾತನ್ನು ನಂಬಿ ಯಾರನ್ನೂ ಒಳಗೆ ಬಿಡಲಾಗದೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಗಟ್ಟಿಯಾಗಿರುವವನ ದೇಹದಲ್ಲಿಯೂ ರೋಗಾಣು ಇರಬಹುದು; ಅವನಿಗೆ ತೊಂದರೆ ಕೊಡದ ರೋಗಾಣು ಅವನು ಕಾಣಲು ಬಂದವನಿಗೆ ತೊಂದರೆ ಕೊಡಬಹುದು.

ಇಷ್ಟನ್ನು ತಿಳಿದುಕೊಂಡರೆ ಆಸ್ಪತ್ರೆಯ ಫಲಕದ ಮೇಲಿನ ಒಂದೊಂದು ಸಾಲಿಗೂ ಅರ್ಥ ಬರುತ್ತದೆ. 'ಒಂದು ಸಲಕ್ಕೆ ಒಬ್ಬರು ಅಥವಾ ಇಬ್ಬರು ಮಾತ್ರ' ಎಂಬುದು ಮೊದಲ ನಿಯಮ. ಜನ ಹೆಚ್ಚಾದಷ್ಟೂ ಕೈಗಳು ಹೆಚ್ಚು, ಉಸಿರು ಹೆಚ್ಚು, ವಾರ್ಡಿನ ಗಾಳಿ ಕಲುಷಿತವಾಗುವುದೂ ಹೆಚ್ಚು. ದಾದಿಯು ಚುಚ್ಚುಮದ್ದಿನ ತಟ್ಟೆಯನ್ನು ಹಿಡಿದು ನಡೆಯಲು ದಾರಿಯೂ ಸಿಗದಂತಾಗುತ್ತದೆ. 'ಗೊತ್ತಾದ ವೇಳೆಯಲ್ಲಿ ಮಾತ್ರ' ಎಂಬುದು ಎರಡನೆಯದು. ನೆಲ ಒರೆಸುವುದು, ಗಾಯ ಕಟ್ಟುವುದು, ವೈದ್ಯರು ರೋಗಿಗಳನ್ನು ನೋಡಿಹೋಗುವುದು - ಇವೆಲ್ಲ ಜನಸಂದಣಿಯಿಲ್ಲದಾಗ ನಡೆಯಬೇಕಾದ ಕೆಲಸಗಳು. ನಿದ್ರೆಯೂ ಔಷಧವೇ, ಅದನ್ನು ರೋಗಿಯಿಂದ ಕಸಿದುಕೊಳ್ಳಬಾರದು.

'ನೆಗಡಿ, ಕೆಮ್ಮು, ಜ್ವರ, ಭೇದಿ ಇದ್ದವರು ಬರಬಾರದು' ಎಂಬ ನಿಯಮಕ್ಕೆ ವಿವರಣೆಯೇ ಬೇಕಿಲ್ಲ. 'ಚಿಕ್ಕ ಮಕ್ಕಳನ್ನು ಕರೆತರಬಾರದು' ಎಂಬುದಕ್ಕೆ ಕಾರಣಗಳು ಎರಡು. ಮಕ್ಕಳಿಗೆ ರೋಗ ಬೇಗ ತಗಲುತ್ತದೆ. ಮಕ್ಕಳು ರೋಗವನ್ನು ಬೇಗ ಹರಡುತ್ತಾರೆ. ನೆಲವನ್ನು ಮುಟ್ಟಿದ ಕೈಯನ್ನು ಬಾಯಿಗಿಡಬೇಡವೆಂದು ಐದು ವರ್ಷದ ಮಗುವಿಗೆ ಎಷ್ಟು ಸಲ ಹೇಳಿದರೂ ಸಾಲದು.

'ರೋಗಿಯ ಹಾಸಿಗೆಯ ಮೇಲೆ ಕುಳಿತುಕೊಳ್ಳಬಾರದು' ಎಂಬ ನಿಯಮವನ್ನು ಜನರು ಹೆಚ್ಚಾಗಿ ಮುರಿಯುತ್ತಾರೆ. ಹತ್ತಿರ ಕುಳಿತು ತಲೆ ಸವರುವುದು ನಮ್ಮ ರೂಢಿ. ಆದರೆ ಬಸ್ಸಿನ ಆಸನದಲ್ಲಿ, ನಿಲ್ದಾಣದ ಕಟ್ಟೆಯ ಮೇಲೆ ಕುಳಿತ ಬಟ್ಟೆಯೇ ಹಾಸಿಗೆಗೂ ತಾಗುತ್ತದೆ. ಗಾಯದ ಪಟ್ಟಿಯನ್ನು ಬಿಚ್ಚಿ ನೋಡುವುದು, ಸಲೈನಿನ ನಳಿಗೆಯನ್ನು ಮುಟ್ಟುವುದು ಇನ್ನೂ ಅಪಾಯಕರ; ಆ ನಳಿಗೆ ನೇರವಾಗಿ ರಕ್ತನಾಳಕ್ಕೆ ಹೋಗುವ ದಾರಿ. ಒಬ್ಬರನ್ನು ಕಂಡ ಮೇಲೆ 'ಇವರೂ ನಮ್ಮ ಕಡೆಯವರೇ' ಎಂದು ಪಕ್ಕದ ಹಾಸಿಗೆಗಳಿಗೆಲ್ಲ ಹೋಗಿ ಕೈ ಹಿಡಿದು ಮಾತನಾಡಿಸುವುದು ಒಳ್ಳೆಯ ಮನಸ್ಸಿನ ಲಕ್ಷಣವಾದರೂ ರೋಗಾಣುಗಳಿಗೆ ಅದು ಒಳ್ಳೆಯ ವಾಹನ. ರೊಟ್ಟಿ, ಹಣ್ಣು, ಪೇಡೆಗಳನ್ನು ತರುವವರು ಮೊದಲು ದಾದಿಯನ್ನು ಕೇಳಬೇಕು. ಒಬ್ಬ ರೋಗಿಗೆ ಹಿತವಾದ ಆಹಾರ ಮತ್ತೊಬ್ಬನಿಗೆ ವಿಷವಾಗಬಹುದು.

ಎಲ್ಲ ನಿಯಮಗಳಿಗೂ ಮೂಲವಾದ ನಿಯಮ ಕೈ ತೊಳೆಯುವುದು. ಒಳಗೆ ಹೋಗುವ ಮುನ್ನ ತೊಳೆದರೆ ರೋಗಿಗೆ ರಕ್ಷಣೆ; ಹೊರಗೆ ಬಂದ ಮೇಲೆ ತೊಳೆದರೆ ಮನೆಯವರಿಗೆ ರಕ್ಷಣೆ. ಬೆರಳುಗಳ ನಡುವೆ, ಉಗುರಿನ ಕೆಳಗೆ, ಹೆಬ್ಬೆರಳಿನ ಸುತ್ತ, ಅಂಗೈಯ ಹಿಂದೆ - ಎಲ್ಲೆಡೆ ಸಾಬೂನು ತಾಗುವಂತೆ ತೊಳೆಯಲು 40ರಿಂದ 60 ಸೆಕೆಂಡುಗಳು ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮದ್ಯಸಾರ ಬೆರೆತ ದ್ರವವಾದರೆ 20ರಿಂದ 30 ಸೆಕೆಂಡು ಉಜ್ಜಿದರೆ ಸಾಕು. ಆದರೆ ಕೈ ಕಣ್ಣಿಗೆ ಕಾಣುವಷ್ಟು ಕೊಳೆಯಾಗಿದ್ದಾಗಲೂ, ವಾಂತಿಭೇದಿಯ ರೋಗಿಯ ಬಳಿಗೆ ಹೋಗಿ ಬಂದಾಗಲೂ ಸಾಬೂನು ನೀರೇ ಉತ್ತಮ. ಈ ಎಚ್ಚರಿಕೆಗೆ ಇಂದು ಇನ್ನೊಂದು ಕಾರಣವೂ ಸೇರಿದೆ. ಔಷಧಗಳನ್ನು ಮಿತಿಮೀರಿ ಬಳಸಿದುದರಿಂದ ಅವುಗಳಿಗೆ ಜಗ್ಗದ ರೋಗಾಣುಗಳು ಬೆಳೆದಿವೆ. ಅಂಥವು ಆಸ್ಪತ್ರೆಗಳಲ್ಲಿ ಹೆಚ್ಚಾಗಿ ನೆಲೆಸಿರುತ್ತವೆ. ಔಷಧಕ್ಕೆ ಮಣಿಯದ ರೋಗಾಣುವನ್ನೂ ಸಾಬೂನು ನೀರು ಕೈಯಿಂದ ತೊಳೆದುಹಾಕುತ್ತದೆ.

ಹಾಗಾದರೆ ಬಂಧುಗಳು ಬರುವುದೇ ಬೇಡವೇ? ಹಾಗಲ್ಲ. ನಮ್ಮ ಆಸ್ಪತ್ರೆಗಳಲ್ಲಿ ರೋಗಿಗೆ ನೀರು ಕುಡಿಸುವುದು, ಮಗ್ಗುಲು ಬದಲಾಯಿಸುವುದು, ಔಷಧ ತಂದುಕೊಡುವುದು ಮುಂತಾದ ಎಷ್ಟೋ ಕೆಲಸಗಳನ್ನು ಮಾಡುವವರು ಮನೆಯವರೇ. ತನ್ನವರ ಮುಖ ಕಂಡಾಗ ರೋಗಿಗೆ ಬರುವ ಧೈರ್ಯವನ್ನು ಯಾವ ಔಷಧವೂ ಕೊಡಲಾರದು. ಕೋವಿಡ್ ಕಾಲದಲ್ಲಿ ಕೊನೆಯ ಗಳಿಗೆಯಲ್ಲಿಯೂ ತಮ್ಮವರನ್ನು ಕಾಣಲಾಗದೆ ಹೋದ ಮನೆಗಳ ದುಃಖ ಇನ್ನೂ ಆರಿಲ್ಲ. ನಿಯಮಕ್ಕೂ ಒಂದು ಬೆಲೆಯಿದೆ. ಆ ಬೆಲೆಯನ್ನು ಕೆಲವರು ಕಣ್ಣೀರಿನಿಂದ ತೆತ್ತಿದ್ದಾರೆ. ಆದುದರಿಂದ ನಿಯಮವನ್ನು ಪಾಲಿಸಬೇಕಾದವರು ತಿಳುವಳಿಕೆಯಿಂದ ಪಾಲಿಸಬೇಕು. ನಡೆಸಬೇಕಾದವರು ಕರುಣೆಯಿಂದ ನಡೆಸಬೇಕು. ಬಾಗಿಲಲ್ಲಿ ಗದರಿಸುವ ಬದಲು ನಾಲ್ಕು ಮಾತಿನಲ್ಲಿ ಕಾರಣವನ್ನು ತಿಳಿಸಿದರೆ ಹತ್ತರಲ್ಲಿ ಒಂಬತ್ತು ಜಗಳಗಳು ಹುಟ್ಟುವುದೇ ಇಲ್ಲ.

ಪ್ರೀತಿಯನ್ನು ತೋರಿಸಲು ಹಾಸಿಗೆಯ ಪಕ್ಕದಲ್ಲಿ ನಿಲ್ಲುವುದೊಂದೇ ದಾರಿಯಲ್ಲ. ಮನೆಯವರು ಕೂಡಿ ಮಾತನಾಡಿಕೊಂಡು, ಆರೋಗ್ಯವಾಗಿರುವ ಒಬ್ಬರನ್ನು ರೋಗಿಯ ಬಳಿ ಇರಿಸಬೇಕು. ಉಳಿದವರು ಅವರಿಗೆ ಬುತ್ತಿ ಕಟ್ಟಿಕೊಡಬಹುದು, ಮನೆಯ ಮಕ್ಕಳನ್ನು, ಹೊಲವನ್ನು, ದನಕರುಗಳನ್ನು ನೋಡಿಕೊಳ್ಳಬಹುದು, ಬೇಕಾದಾಗ ರಕ್ತದಾನ ಮಾಡಬಹುದು, ದೂರವಾಣಿಯಲ್ಲಿ ಧೈರ್ಯದ ಮಾತು ಹೇಳಬಹುದು. ರೋಗಿ ಗುಣವಾಗಿ ಮನೆಗೆ ಬಂದ ಮೇಲೆ ಮಾತನಾಡಿಸಲು ಹೋದರೆ ಆ ಭೇಟಿಯ ಸವಿಯೇ ಬೇರೆ.

ಬಾಗಿಲಲ್ಲಿ ನಿಂತ ಆ ಮುದುಕನಿಗೂ ದಾದಿಯೊಬ್ಬಳು ಹೊರಗೆ ಬಂದು ಇದನ್ನೇ ಹೇಳಿದಳೆನ್ನೋಣ: "ಅಜ್ಜಾರ, ಕೂಸು ಭಾಳ ಸೂಕ್ಷ್ಮ ಐತ್ರಿ. ಈ ಹುಡುಗನ ನೆಗಡಿ ಅದಕ್ಕ ಹತ್ತಿದ್ರ ಉಸಿರಾಡಾಕ ಆಗಂಗಿಲ್ರಿ." ಮುದುಕನು ಒಂದು ಕ್ಷಣ ಸುಮ್ಮನೆ ನಿಲ್ಲುತ್ತಾನೆ. ಬಳಿಕ ಮೊಮ್ಮಗನ ಕೈಹಿಡಿದು ಹೊರಗಿನ ಮರದ ನೆರಳಿಗೆ ಕರೆದೊಯ್ಯುತ್ತಾನೆ. ಅವನ ಹೆಂಡತಿ ನಲ್ಲಿಯ ಬಳಿ ಕೈಗಳನ್ನು ಚೆನ್ನಾಗಿ ತೊಳೆದುಕೊಂಡು ಒಬ್ಬಳೇ ಒಳಗೆ ಹೋಗುತ್ತಾಳೆ. ಕೂಸಿನ ಮುಖವನ್ನು ಅವನು ಅಂದು ನೋಡಲಿಲ್ಲ. ಆದರೆ ಮುಂದೆ ಆ ಕೂಸು ಮನೆಯ ಅಂಗಳದಲ್ಲಿ ಅಂಬೆಗಾಲಿಡುವುದನ್ನು ದಿನವೂ ನೋಡುವ ಭಾಗ್ಯಕ್ಕೆ ಅವನು ಅಂದೇ ದಾರಿ ಮಾಡಿಕೊಟ್ಟನು.